ಜುಮಾನ ಅಕ್ಕಿಗೆ ನನ್ನ ಒಗ್ಗರಣೆ

ಹಬ್ಬ ಯಾವ ಧರ್ಮದ್ದೇ ಆಗಲಿ, ಅದರ ಹುಟ್ಟು, ಆಚಾರ, ಅಡುಗೆ ಮೂರನ್ನೂ ನಿಂತ ನಿಲುವಿನಲ್ಲಿ ಹೇಳಬಲ್ಲ ಗಂಡಸು ಇಡೀ ಗವಿಪುರದಲ್ಲಿ ಒಬ್ಬನಿದ್ದರೆ ಅದು ನಾನು, ಪುಟ್ಟಯ್ಯ! ಈ ಮಾತನ್ನು ನಾನೇ ಹೇಳಿಕೊಳ್ಳುತ್ತಿದ್ದೇನೆ. ಬೇರೆಯವರು ಹೇಳಲಿ ಎಂದು ಬಹಳ ವರ್ಷ ಕಾದೆ, ಯಾರೂ ಹೇಳಲಿಲ್ಲ.

ಸ್ಕೂಲಿನ ಮಣ್ಣು ತುಳಿದದ್ದು ಮೂರನೇ ಕ್ಲಾಸಿನವರೆಗೆ. ಉಳಿದ ವಿದ್ಯೆಯೆಲ್ಲ ಬಳೇಪೇಟೆಯ ಮಂಡಿಯಲ್ಲಿ ಆಯಿತು. ಅಲ್ಲಿ ಮೂವತ್ತೆರಡು ವರ್ಷ ತಕ್ಕಡಿ ಹಿಡಿದೆ. ಪೊಟ್ಟಣ ಕಟ್ಟಲು ಬರುತ್ತಿದ್ದ ಹಳೇ ಪೇಪರನ್ನು ಓದದೆ ಒಂದೇ ಒಂದು ಹಾಳೆಯನ್ನೂ ಗಿರಾಕಿಯ ಕೈಗೆ ಕೊಟ್ಟವನಲ್ಲ. ಅಣುಬಾಂಬು, ಮೂಲವ್ಯಾಧಿ, ಅರಬ್ಬೀ ದೇಶದ ರೀತಿನೀತಿ, ಎಲ್ಲ ಅಲ್ಲೇ ಕರಗತವಾಯಿತು. ಒಂದೇ ತೊಂದರೆ. ಅರ್ಧ ಓದುವಷ್ಟರಲ್ಲಿ ಗಿರಾಕಿ ಅವಸರ ಮಾಡುತ್ತಿದ್ದ. ಉಳಿದರ್ಧ ಒಣಮೆಣಸಿನಕಾಯಿ ಸುತ್ತಿಕೊಂಡು ಅವನ ಮನೆ ಸೇರುತ್ತಿತ್ತು. ಹೋದ ಅರ್ಧವನ್ನು ನಾನು ಸ್ವಂತ ಬುದ್ಧಿಯಿಂದ ತುಂಬಿಕೊಳ್ಳುತ್ತಿದ್ದೆ.

ತೊಂಬತ್ತೇಳರ ಜುಲೈನಲ್ಲಿ ನಮ್ಮ ಮಹಡಿ ಕೋಣೆಗೆ ಜುಮಾ ಬಾಡಿಗೆಗೆ ಬಂದ. ಜಾಂಜಿಬಾರ್ ಎಂಬ ದ್ವೀಪದವನು. ಆ ಊರಿನ ಲವಂಗವನ್ನು ತೂಗಿ ತೂಗಿ ನನಗೆ ಅದರ ವಾಸನೆ ಗೊತ್ತಿತ್ತು. ಊರಿನ ಮನುಷ್ಯನನ್ನು ನೋಡಿದ್ದು ಅದೇ ಮೊದಲು. ಇಸ್ಲಾಂ ಧರ್ಮಶಾಸ್ತ್ರ ಕಲಿಯಲೆಂದು ಸಮುದ್ರ ದಾಟಿ ಬಂದಿದ್ದ. ಹಗಲು ಅವನಿಗೆ ಅರಬ್ಬೀ ಕಾಲೇಜು, ಸಂಜೆ ನಮ್ಮ ಜಗುಲಿಯ ಮೇಲೆ ನನ್ನ ಕನ್ನಡ ಕಾಲೇಜು. ಆರು ತಿಂಗಳಲ್ಲಿ ನನ್ನನ್ನು ಅಜ್ಜ ಎನ್ನುವಷ್ಟು, ನನ್ನ ಹೆಂಡತಿ ಲಕ್ಷ್ಮೀದೇವಮ್ಮನ ಹತ್ತಿರ ಇನ್ನೊಂದು ಮುದ್ದೆ ಕೇಳುವಷ್ಟು ಕನ್ನಡ ಬಂತು.

ಜನವರಿಯಲ್ಲಿ ರಂಜಾನ್ ಉಪವಾಸ ನಡೆದಿತ್ತು. ಮನೆಯವರಿಂದ ದೂರ, ಹುಡುಗನಿಗೆ ಮೊದಲ ಈದ್. ನಾನು ಎದೆ ತಟ್ಟಿ ಘೋಷಿಸಿದೆ: "ಈ ಮನೆಯ ಯಜಮಾನ ನಾನು ಇರೋವಾಗ ಅವನ ಹಬ್ಬ ಬಿಕೋ ಅನ್ನಬಾರದು. ಹಬ್ಬಾನ ನಾನೇ ಮಾಡಿಸ್ತೀನಿ!"

ಎದುರು ಮನೆಯ ನಿವೃತ್ತ ಮೇಷ್ಟ್ರು ವೆಂಕಟಾಚಲ ಕನ್ನಡಕ ಒರೆಸಿಕೊಂಡರು. "ಪುಟ್ಟಯ್ಯನವರೇ, ಅವರ ಹಬ್ಬದಲ್ಲಿ ಏನೇನು ಮಾಡ್ತಾರೆ ಅಂತ ಆ ಹುಡುಗನ್ನೇ ಒಂದು ಮಾತು ಕೇಳಿದೀರಾ?"

"ಅವನನ್ನ ಕೇಳೋದೇನ್ರೀ ಮೇಷ್ಟ್ರೇ? ಅವನಿನ್ನೂ ಫಸ್ಟ್ ಇಯರ್ರು. ಅವನಿಗೇ ನಾನು ಹೇಳ್ಕೊಡ್ಬೇಕು!"

ಹಬ್ಬದ ಹಿಂದಿನ ಸಂಜೆ ನೋಡುತ್ತೇನೆ, ಜುಮಾ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಾನೆ. ಮಾರ್ಕೆಟ್ಟಿಗೆ ಹೋಗಿ ಹುಡುಕಿ ತಂದ ಸಣ್ಣಕ್ಕಿ, ಮೂರು ಕಿಲೋ. ಒಂದೊಂದು ಕಾಳನ್ನೂ ಮುತ್ತು ಪರೀಕ್ಷೆ ಮಾಡುವವನಂತೆ ನೋಡಿ, ಬಿಳೀ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಮೆಟ್ಟಿಲ ಕೆಳಗೆ ಇಟ್ಟ. ಪಾಪ, ಹಬ್ಬದೂಟಕ್ಕೆ ಅಕ್ಕಿ ತಂದಿದ್ದಾನೆ, ಬೇಯಿಸಲು ಬಾರದು!

"ನಾಳೆ ಅವನು ಏಳೋ ಹೊತ್ತಿಗೆ ಆ ಅಕ್ಕೀಲಿ ಚಿತ್ರಾನ್ನ ರೆಡಿ ಇರ್ತದೆ ಕಣೇ" ಎಂದೆ ಹೆಂಡತಿಗೆ.

"ಅವನ್ನ ಕೇಳಿ ಚೀಲ ಮುಟ್ಟಿ."

"ಕೇಳಿದ್ರೆ ಆಶ್ಚರ್ಯ ಎಲ್ಲೇ ಉಳೀತದೆ?"

"ನೀವು ಮಾಡೋ ಅಡುಗೇಲಿ ಆಶ್ಚರ್ಯಕ್ಕೆ ಯಾವತ್ತೂ ಬರ ಇಲ್ಲ ಬಿಡಿ."

ಬೆಳಗ್ಗೆ ಅವಳು ಬಚ್ಚಲಿಗೆ ಹೋದದ್ದೇ ತಡ, ಚೀಲದ ಬಾಯಿ ಬಿಚ್ಚಿದೆ. ಬೀದಿಯವರನ್ನೆಲ್ಲ ಊಟಕ್ಕೆ ಕರೆದಿದ್ದರಿಂದ ಮೂರು ಕಿಲೋ ಸಾಲದೆನಿಸಿತು. ನಮ್ಮ ಡಬ್ಬದಲ್ಲಿದ್ದ ಅಕ್ಕಿಯನ್ನೂ ತಳ ಬಳಿದು ಸುರಿದೆ. ಇಪ್ಪತ್ತು ನಿಂಬೆಹಣ್ಣು ಹಿಂಡಿದೆ. ಒಗ್ಗರಣೆಯ ಘಾಟಿಗೆ ಎದುರು ಮನೆಯ ಮೇಷ್ಟ್ರು ಆರು ಸಲ ಸೀನಿದ್ದು ನಮ್ಮ ಅಡುಗೆಮನೆಗೆ ಕೇಳಿಸಿತು. ಅದನ್ನೂ ನನ್ನ ಗೆಲುವೆಂದೇ ಲೆಕ್ಕ ಹಾಕಿದೆ!

ಎಂಟು ಗಂಟೆಗೆ ಜುಮಾ ಇಳಿದು ಬಂದ. ಕಾಲಿನವರೆಗೆ ಬಿಳೀ ನಿಲುವಂಗಿ, ಕಸೂತಿಯ ಟೋಪಿ, ಘಮಘಮ ಅತ್ತರು.

"ಅಜ್ಜ, ಮೆಟ್ಟಿಲು ಕೆಳಗೆ ಚೀಲ ಇಲ್ಲ."

ನಾನು ಹಂಡೆಯ ಮುಚ್ಚಳ ತೆಗೆದೆ. ಹಳದಿ ಬೆಟ್ಟದ ಮೇಲೆ ಹಬೆ ಎದ್ದಿತು. ಜುಮಾ ಇಣುಕಿದ.

"ಇದು ನನ್ನ ಅಕ್ಕಿ?"

"ನಿಂದೇ ಕಣಪ್ಪಾ! ಒಂದಗುಳು ಇನ್ನೊಂದಕ್ಕೆ ಅಂಟಿಲ್ಲ, ನೋಡು!"

ಅವನ ಕಣ್ಣು ತುಂಬಿತು. ಸಂತೋಷಕ್ಕೆಂದು ತಿಳಿದು ಬೆನ್ನು ತಟ್ಟಿದೆ.

"ಅಜ್ಜ, ಅದು ನನಗೆ ಊಟ ಅಲ್ಲ. ಅದು ಫಿತ್ರಾ. ಬಡವರಿಗೆ ಕೊಡೋದು. ನಮಾಜ್ ಮೊದಲು ಬಡವರ ಕೈ ಸೇರಬೇಕು. ನಮಾಜ್ ಆದ ಮೇಲೆ ಕೊಟ್ಟರೆ ಬರೀ ದಾನ, ಫಿತ್ರಾ ಅಲ್ಲ." ಮೆಟ್ಟಿಲ ಕೆಳಗಿನ ಖಾಲಿ ಜಾಗ ನೋಡಿದ. "ಇಷ್ಟು ವರ್ಷ ನನ್ನದು ಅಪ್ಪ ಕೊಟ್ಟರು. ಈ ವರ್ಷ ಅಮ್ಮ ಫೋನ್‌ನಲ್ಲಿ ಹೇಳಿದರು, ಈಗ ನೀನು ದೊಡ್ಡವನು, ನಿನ್ನ ಕೈಯಿಂದ ಕೊಡು ಅಂತ."

ಬಡವರ ಅಕ್ಕಿಯ ವಿಷಯ ಬರೆದಿದ್ದ ಆ ಅರ್ಧ ಹಾಳೆ ಯಾವ ಮನೆಗೆ ಮೆಣಸಿನಕಾಯಿ ಹೊತ್ತುಕೊಂಡು ಹೋಯಿತೋ!

"ಬಡವರ ಅಕ್ಕಿಗೆ ಸಾಸಿವೆ ಹಾಕಿದ್ರಾ?" ಎಂದಳು ಲಕ್ಷ್ಮೀದೇವಮ್ಮ.

"ಕಡ್ಲೇಕಾಯಿ ಬೀಜಾನೂ ಹಾಕಿದೀನಿ" ಎಂದೆ ಮೆಲ್ಲಗೆ. "ಲೋ ಜುಮಾ, ಹಿಂಗೇ ಅನ್ನಾನೇ ಕೊಟ್ರೆ?"

"ಆಗಲ್ಲ ಅಜ್ಜ. ಕಾಳು ಬೇಕು. ಹೋದ ವಾರ ಪಾಠ ಆಯಿತು."

ನಮಾಜು ಒಂಬತ್ತಕ್ಕೆ. ಮನೆಯ ಡಬ್ಬದಲ್ಲಿ ಒಂದು ಹಿಡಿ ಅಕ್ಕಿ ಇಲ್ಲ. "ನೀನು ನಡಿ ಈದ್ಗಾಕ್ಕೆ, ಸಾಲಲ್ಲಿ ಜಾಗ ಹಿಡ್ಕೋ. ಒಂಬತ್ತರೊಳಗೆ ನಿನ್ನ ಹೆಸರಲ್ಲಿ ಮೂರು ಕಿಲೋ ಬಡವನ ಕೈ ಸೇರದಿದ್ರೆ ನಾನು ಪುಟ್ಟಯ್ಯನೇ ಅಲ್ಲ!" ಎಂದೆ.

"ಗೇಟ್ ಹತ್ತಿರ ಬಡವರು ಕೂತಿರ್ತಾರೆ ಅಜ್ಜ. ಮರೀಬೇಡಿ" ಎಂದು ಎರಡೆರಡು ಸಲ ತಿರುಗಿ ನೋಡುತ್ತಾ ಹೋದ.

ವರದರಾಜನ ದಿನಸಿ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಗಂಟೆಯ ಸದ್ದು. "ಪೂಜೆ ಆಗದೆ ವ್ಯಾಪಾರ ಇಲ್ಲ ಪುಟ್ಟಯ್ಯನೋರೇ, ಒಂಬತ್ತೂವರೆಗೆ ಬನ್ನಿ." ಉಳಿದದ್ದು ಮೇಷ್ಟ್ರ ಮನೆ. ಆ ಬಾಗಿಲಿಗೆ ಖಾಲಿ ಚೀಲ ಹಿಡಿದು ಹೋಗುವ ಗಳಿಗೆ ಬರುತ್ತದೆಂದು ಯಾವ ಪೇಪರಿನಲ್ಲೂ ಬರೆದಿರಲಿಲ್ಲ! ಚಳಿಗೆ ಕಂಬಳಿ ಹೊದ್ದು, ತಲೆಗೆ ಟವೆಲು ಸುತ್ತಿ, ಬಾಗಿಲು ತಟ್ಟಿದೆ.

ತೆರೆದವಳು ಹೊಸ ಸೊಸೆ ಅಕ್ಷಯಾ. ಧಾರವಾಡದಿಂದ ಬಂದು ಎಂಟು ದಿನವಾಗಿರಲಿಲ್ಲ. ನನ್ನನ್ನೂ ಚೀಲವನ್ನೂ ನೋಡಿದಳು, ಒಳಗೆ ಹೋದಳು, ಒಂದು ಬೊಗಸೆ ಅಕ್ಕಿ ತಂದು ಭಕ್ತಿಯಿಂದ ಸುರಿದಳು.

"ತಾಯೀ, ಇದು ಸಾಲದು. ಮೂರು ಕಿಲೋ ಬೇಕು."

"ಅಯ್ಯ ಅತ್ತೀ! ಭಿಕ್ಷಾ ಹಾಕಿದ್ರ ಮೂರು ಕಿಲೋ ಬೇಕಂತ ನಿಂತಾನ ನೋಡ್ರಿ ಇಲ್ಲೆ!"

ಮೇಷ್ಟ್ರ ಹೆಂಡತಿ ಭಾಗೀರಥಮ್ಮ ಓಡಿ ಬಂದು, "ಅಯ್ಯಯ್ಯೋ, ಎದುರು ಮನೆ ಯಜಮಾನರು ಕಣೇ!" ಎಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಮೇಷ್ಟ್ರು ತಾವೇ ಸೇರಿನಲ್ಲಿ ಅಳೆದು ಚೀಲ ತುಂಬಿದರು. ಏನೂ ಆಡಿಕೊಳ್ಳಲಿಲ್ಲ. ಚೀಲದ ಬಾಯಿ ಕಟ್ಟುವಾಗ ಮಾತ್ರ ಮೆತ್ತಗೆ, "ಆ ಹುಡುಗನ್ನ ಕೇಳಿರಲಿಲ್ಲ, ಅಲ್ವಾ?" ಎಂದರು.

ಪಂಚೆ ಎತ್ತಿ ಕಟ್ಟಿ ಓಡಿದೆ. ಚಾಮರಾಜಪೇಟೆಯ ಈದ್ಗಾ ಮುಟ್ಟಿದಾಗ ಒಂಬತ್ತಕ್ಕೆ ಇನ್ನೂ ಐದು ನಿಮಿಷ ಇತ್ತು. ಒಳಗೆ ಮೈದಾನದ ತುಂಬ ಬಿಳೀ ಟೋಪಿಗಳು. ಗೇಟಿನ ಪಕ್ಕ ಗೋಡೆಯುದ್ದಕ್ಕೂ ಬಡವರ ಸಾಲು. ಗೆದ್ದೆ ಎಂದುಕೊಂಡು ಸಾಲಿನ ಕೊನೆಯಲ್ಲಿ ಗೋಡೆಗೆ ಒರಗಿ ಒಂದು ಉಸಿರು ಬಿಟ್ಟೆ.

ಆ ಒಂದು ಉಸಿರೇ ನನ್ನನ್ನು ಕೆಡಿಸಿತು. ಸ್ಕೂಟರ್ ನಿಲ್ಲಿಸಿ ಅವಸರದಲ್ಲಿ ಬಂದ ದಪ್ಪ ಮನುಷ್ಯನೊಬ್ಬ ಒಂದು ಗೋಧಿ ಪೊಟ್ಟಣವನ್ನು ನನ್ನ ತೋಳಿಗೆ ತುರುಕಿ, "ಈದ್ ಮುಬಾರಕ್ ಬಾಬಾ, ದುವಾ ಮಾಡಿ" ಎಂದು ಒಳಗೆ ಧಾವಿಸಿದ.

ಒಂದೇ ಬೆಳಗ್ಗೆ ಎರಡನೇ ಸಲ! ನನ್ನ ರಕ್ತ ಕುದಿಯಿತು. ಬೆನ್ನಟ್ಟಿ ಹೋಗಿ ಅವನ ತೋಳು ಹಿಡಿದೆ. "ಸ್ವಾಮೀ, ನಾನು ಬಡವನಲ್ಲ! ಗವಿಪುರದಲ್ಲಿ ಮಹಡಿ ಮನೆ ಐತೆ!"

"ಇರ್ಲಿ ಬಾಬಾ, ಇಟ್ಕೊಳ್ಳಿ, ಸಂಕೋಚ ಬೇಡ."

"ಸಂಕೋಚ ಯಾರಿಗ್ರೀ? ಬಾಗಿಲ ಮೇಲೆ ನನ್ನ ಹೆಸರಿನ ಬೋರ್ಡೈತೆ, ಬಂದು ನೋಡ್ರೀ!"

ಸಾಲಿನ ಮುದುಕಿಯೊಬ್ಬಳು ಕೂಗಿದಳು: "ಏ ಯಜಮಾನ! ನಿಂಗೆ ಬೇಡಾದ್ರೆ ಇಲ್ಲಿ ಹಾಕು!"

"ತಡ್ಯಮ್ಮಾ, ಮೊದ್ಲು ಇವರಿಗೆ ನಾನು ಯಾರು ಅಂತ ತಿಳೀಲಿ!"

ಅವನು ತೋಳು ಬಿಡಿಸಿಕೊಂಡು ಓಡಿದ. ಅದೇ ಕ್ಷಣ ಮೈಕಿನಲ್ಲಿ "ಅಲ್ಲಾಹು ಅಕ್ಬರ್" ಎಂದು ಕೇಳಿತು. ಸಾವಿರಾರು ಕೈಗಳು ಒಟ್ಟಿಗೆ ಮೇಲೆದ್ದವು. ನಮಾಜು ಶುರುವಾಯಿತು. ಜುಮಾನ ಅಕ್ಕಿ ಇನ್ನೂ ನನ್ನ ಕಂಕುಳಲ್ಲೇ ಇತ್ತು. ಅಕ್ಕಿ, ಗೋಧಿ ಎರಡನ್ನೂ ಮುದುಕಿಯ ಮಡಿಲಿಗೆ ಸುರಿದೆ. "ಮೊದ್ಲೇ ಹಾಕಕ್ಕೆ ಏನಾಗಿತ್ತು ನಿಂಗೆ ಧಾಡಿ?" ಎಂದಳು.

ಮುಚ್ಚಿಡಲಿಲ್ಲ, ಜುಮಾನಿಗೆ ಹೇಳಿಬಿಟ್ಟೆ. "ಪರವಾಗಿಲ್ಲ ಅಜ್ಜ" ಎಂದ. ಎಲೆಯ ಮುಂದೆ ಕೂತು ಎರಡು ತುತ್ತು ಚಿತ್ರಾನ್ನ ತಿಂದ. ಬೀದಿಯವರೆಲ್ಲ ಹೊಗಳಿ ಹೊಗಳಿ ಉಂಡರು. ನಾನು ಎಲೆ ಹಾಕಿಕೊಳ್ಳದೆ ಬಡಿಸುತ್ತಾ ಓಡಾಡಿದೆ. ಸಂಜೆ ಅಮ್ಮನಿಗೆ ಫೋನ್ ಮಾಡಲು ಬೂತಿಗೆ ಹೋಗಲಿಲ್ಲವೇ ಎಂದರೆ, "ಕೊಟ್ಟೆಯಾ ಅಂತ ಕೇಳ್ತಾರೆ. ಏನು ಹೇಳಲಿ?" ಎಂದು ಮಹಡಿ ಹತ್ತಿದ. ಮರುದಿನವೂ ಹೋಗಲಿಲ್ಲ.

ಮೂರನೇ ದಿನ ಮೇಷ್ಟ್ರು ನಮ್ಮ ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಜುಮಾ ಕಾಲೇಜಿನಿಂದ ಬಿರಬಿರನೆ ಬಂದ.

"ಅಜ್ಜ, ಪಾಠ ಹೇಳೋ ಉಸ್ತಾದ್ ಹತ್ತಿರ ಎಲ್ಲ ಹೇಳಿದೆ. ಅವರು ಕೇಳಿದರು, ಅಜ್ಜ ಚೀಲ ತೆಗೆದುಕೊಂಡಿದ್ದು ಯಾವಾಗ? ನಮಾಜ್ ಮೊದಲು ಅಂದೆ. ಆಗ ಅದು ಅಕ್ಕಿಯಾ, ಅನ್ನವಾ? ಅಕ್ಕಿ ಅಂದೆ. ಫಿತ್ರಾ ಅಂತ ನೀನು ಮನಸ್ಸು ಮಾಡಿ ಇಟ್ಟಿದ್ದೆಯಾ? ಹೌದು ಅಂದೆ. ಹಾಗಾದರೆ ಆ ಅಜ್ಜ ಬಡವರಾಗಿದ್ದರೆ ನಿನ್ನ ಫಿತ್ರಾ ಸಂದಾಯ ಆಯಿತು. ಬಡವರು ಅಲ್ಲದಿದ್ದರೆ ಆಗಲಿಲ್ಲ. ಹೋಗಿ ತಿಳಿದುಕೊಂಡು ಬಾ ಅಂದರು." ನೋಟ್‌ಬುಕ್ ತೆರೆದು ಪೆನ್ನಿನ ಟೋಪಿ ತೆಗೆದ. "ಅಜ್ಜ, ನೀವು ಬಡವರಾ?"

ಮೇಷ್ಟ್ರ ಲೋಟ ತುಟಿಯ ಹತ್ತಿರವೇ ನಿಂತಿತು. ನಾನು ತಲೆ ಎತ್ತಿ ಬಾಗಿಲ ಮೇಲಿನ 'ಪುಟ್ಟಯ್ಯ ನಿಲಯ' ನೋಡಿದೆ. ತಲೆ ತಗ್ಗಿಸಿ ಹುಡುಗನ ಮುಖ ನೋಡಿದೆ. ಮೂರು ದಿನದಿಂದ ನಗದ ಮುಖ.

"ನೋಡು ಮಗಾ... ಬಡವ ಅಂದ್ರೆ... ಒಂದು ಲೆಕ್ಕದಲ್ಲಿ ನೋಡಿದ್ರೆ..."

"ಅದಕ್ಯಾಕೆ ಅಷ್ಟು ತಿಣುಕ್ತೀರಿ?" ಎಂದು ಲಕ್ಷ್ಮೀದೇವಮ್ಮ ಅವರೇಕಾಯಿ ಬುಟ್ಟಿ ಸಮೇತ ಹೊರಗೆ ಬಂದಳು. "ಬಡವರು ಅಂತ್ಲೇ ಬರ್ಕೋ ಜುಮ್ಮಣ್ಣ. ಮನೆ ನಮ್ಮಪ್ಪ ನನ್ನ ಹೆಸರಿಗೆ ಬರೆದಿದ್ದು. ಇವರದು ಅಂತ ಇರೋದು ಆ ಬೋರ್ಡು ಒಂದೇ!"

ಜುಮಾ ಬರೆದುಕೊಂಡ. ಓದಿ ನೋಡಿದ. ಹಲ್ಲೆಲ್ಲ ಕಾಣುವಂತೆ ನಕ್ಕು, ನನ್ನ ಕಾಲು ಮುಟ್ಟಲು ಬಗ್ಗಿದವನು ಕಾಲೇಜಿನ ಪಾಠವೇನೋ ನೆನಪಾಗಿ ಕೈ ಕುಲುಕಿ, ಫೋನ್ ಬೂತಿನ ಕಡೆಗೆ ಓಡಿದ.

ಮೇಷ್ಟ್ರು ಕಾಫಿ ಮುಗಿಸಿ ಎದ್ದರು. ಮೆಟ್ಟಿಲಿಳಿದು, ನಾಲ್ಕು ಹೆಜ್ಜೆ ಹೋಗಿ, ತಿರುಗಿ ನಿಂತರು.

"ಅಂದ ಹಾಗೆ ಪುಟ್ಟಯ್ಯನವರೇ, ಆ ಮೂರು ಕಿಲೋ ಅಕ್ಕಿ ವಾಪಸ್ ಕೊಡೋದೇನೂ ಬೇಡ. ಪರಿಸ್ಥಿತಿ ಈಗ ಗೊತ್ತಾಯ್ತಲ್ಲ!"