ಒಂದೇ ಕಡ್ಡಿಯ ಚಳಿಗಾಲ

ನನ್ನ ಗಂಡ ಆಲ್ವಿನ್ ಹಸಿ ಸೌದೆ ತರುತ್ತಾನೆ. ಮದುವೆಯಾದ ನಲವತ್ತಾರು ವರ್ಷದಿಂದ ಇದೊಂದೇ ನನ್ನ ದೂರು (ಉಳಿದವನ್ನೆಲ್ಲ ಬಿಟ್ಟುಕೊಟ್ಟಿದ್ದೇನೆ). ಹೇಳಿದಾಗಲೆಲ್ಲ ಅವನು ಎರಡು ತುಂಡು ಎತ್ತಿ ಒಂದಕ್ಕೊಂದು ಬಡಿದು ತೋರಿಸುತ್ತಾನೆ. "ಒಣಗಿದ್ರೆ ಟಣ್ ಅನ್ನುತ್ತೆ. ಕೇಳಿಸ್ತಾ?" ನನಗೆ ಯಾವತ್ತೂ ದಬ್ ಅಂತಲೇ ಕೇಳಿಸಿದ್ದು.

ನಮ್ಮ ಲಾನ್ಸೆಸ್ಟನ್ ಕಣಿವೆಯಲ್ಲಿ ಚಳಿಗಾಲದ ಹೊಗೆ ಮೇಲಕ್ಕೆ ಹೋಗುವುದಿಲ್ಲ. ಊರ ಮೇಲೇ ಕಂಬಳಿ ಹೊದ್ದು ಮಲಗುತ್ತದೆ. ಅದಕ್ಕೆಲ್ಲ ಆಲ್ವಿನ್ನನ ಸೌದೆಯೇ ಕಾರಣ ಎಂದು ಬೀದಿಗೆಲ್ಲ ಸಾರಿದವಳು ನಾನು. ನನ್ನ ಪಾಲಿನ ಕೆಲಸ ಬೇರೆ. ನಮ್ಮಲ್ಲಿ ಚಳಿ ಶುರುವಾಗುವ ಏಪ್ರಿಲ್‌ನಲ್ಲಿ ಒಂದು ಕಡ್ಡಿ ಗೀರಿದರೆ ಚಳಿ ಮುಗಿಯುವ ಸೆಪ್ಟೆಂಬರಿನವರೆಗೆ ಇನ್ನೊಂದು ಬೇಡ. ಮಲಗುವ ಮುಂಚೆ ದಪ್ಪ ಕೊರಡು ಒಳಗಿಟ್ಟು ಒಲೆಯ ಗಾಳಿಕಿಂಡಿ ಮುಚ್ಚಿದರೆ ಬೆಳಗಿನವರೆಗೆ ಕೆಂಡ. ನಮ್ಮ ಮನೆಯ ನಂದಾದೀಪ.

ಹೋದ ವರ್ಷ ಆಲ್ವಿನ್ನನ ಹೃದಯ ತಕರಾರು ತೆಗೆಯಿತು. ಈ ವರ್ಷ ನೆನಪು. ಎಂದೋ ತೀರಿಹೋದ ತಮ್ಮನಿಗೆ ಇನ್ನೊಂದು ಬಟ್ಟಲು ಚಹಾ ಬಗ್ಗಿಸು ಅನ್ನುತ್ತಾನೆ. ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ.

"ಹೊಗೆ ಹೃದಯಕ್ಕೆ ಒಳ್ಳೇದಲ್ಲ," ಅಂದರು. "ಹೃದಯಕ್ಕೆ ಆಗದ್ದು ತಲೆಗೂ ಆಗಲ್ಲ. ಇವರಿಗೆ ಅದರಿಂದಲೇ ಬಂತು ಅಂತ ಯಾರೂ ಹೇಳಕ್ಕಾಗಲ್ಲ. ಆದ್ರೂ ಮನೇಲಿ ಹೊಗೆ ಕಮ್ಮಿ ಮಾಡಿ."

"ಹಾಗೆ ಬುದ್ಧಿ ಹೇಳಿ ಡಾಕ್ಟ್ರೇ. ಹಸಿ ಸೌದೆ ತರೋನು ಇವನು."

"ರಾತ್ರಿ ಗಾಳಿಕಿಂಡಿ ಮುಚ್ತೀರಾ?"

ನಾನು ಬೀಗಿದೆ. "ನಾನೇ ಮುಚ್ಚೋದು. ಇಡೀ ಚಳಿಗಾಲಕ್ಕೆ ಒಂದೇ ಕಡ್ಡಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಎಷ್ಟೇ ಒಣಗಿದ ಸೌದೆಯಾದ್ರೂ ಗಾಳಿ ಸಿಗದಿದ್ರೆ ರಾತ್ರಿಯಿಡೀ ಹೊಗೆಯೇ, ನೋಲೀನ್."

"ಟಣ್ ಅನ್ನುತ್ತೆ ಅಂತ ನಾನು ಹೇಳ್ತಾನೇ ಇದ್ದೆ," ಎಂದ ಆಲ್ವಿನ್. ಅವತ್ತು ಯಾವ ವಾರ ಎಂದು ಅವನಿಗೆ ಗೊತ್ತಿರಲಿಲ್ಲ. ಇದು ಮಾತ್ರ ಗೊತ್ತಿತ್ತು.

ಅಂದಿನಿಂದ ಕಿಂಡಿ ತೆರೆದೇ ಮಲಗುತ್ತೇನೆ. ಬೆಳಿಗ್ಗೆ ಒಲೆ ತಣ್ಣಗೆ. "ಬೆಂಕಿ ಯಾರು ಆರಿಸಿದ್ದು?" ಎಂದು ಅವನು ಕೇಳುತ್ತಾನೆ. ನಾನು ಮೊದಲಿಂದ ಕೊನೆಯವರೆಗೆ ತಪ್ಪೊಪ್ಪಿಕೊಳ್ಳುತ್ತೇನೆ. ಅವನು ಯೋಚಿಸಿ, "ನನಗೆ ಚಳಿ ಆಗ್ಬಾರ್ದು ಅಂತ ತಾನೇ ಮುಚ್ತಿದ್ದೆ? ಹೋಗ್ಲಿ ಬಿಡೇ," ಅನ್ನುತ್ತಾನೆ. ಮಾರನೆಯ ದಿನ ಮತ್ತೆ ಮೊದಲಿಂದ. ಒಂದೇ ತಪ್ಪಿಗೆ ಹನ್ನೊಂದು ಸಲ ಕ್ಷಮೆ ಪಡೆದ ಹೆಂಗಸು ಈ ಬೀದಿಯಲ್ಲಿ ಬೇರೆ ಯಾರೂ ಇಲ್ಲ.

ಇವತ್ತು ನನಗೆ ಸಾಕಾಗಿತ್ತು. "ಸೌದೆ ಹಸಿ," ಅಂದುಬಿಟ್ಟೆ.

ಅವನ ಮುಖ ಸಣ್ಣದಾಯಿತು. "ತಪ್ಪು ನಂದೇ ಕಣೇ. ನೀನು ಹೇಳ್ತಾನೇ ಇದ್ದೆ."

ನಲವತ್ತಾರು ವರ್ಷ ಕಾದ ಮಾತು. ಬಟ್ಟಲಿನ ಚಹಾ ಹಾಗೇ ಬಿಟ್ಟೆ. ಅವನು ಕೋಟು ಹಾಕಿಕೊಂಡು ಹಿತ್ತಿಲಿಗೆ ಹೋಗಿ ಎರಡು ತುಂಡು ತಂದ. ನನ್ನೆದುರು ನಿಂತು ಬಡಿದ.

ಟಣ್.

ಇನ್ನೊಮ್ಮೆ ಬಡಿದು ನನ್ನ ಮುಖ ನೋಡಿದ. "ಒಣಗಿದೆಯಲ್ಲೇ ಇದು?"

"ಒಣಗಿದೆ, ಆಲ್ವಿನ್," ಅಂದೆ. "ಕೂತ್ಕೋ. ಮೊದಲಿಂದ ಹೇಳ್ತೀನಿ."