ಎರಡು ಸೆಂಟಿನ ಕ್ಷೌರ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಸಾಸಿವೆ ಕಾಳಿನಷ್ಟೂ ಇಲ್ಲದ ಒಂದು ಮುಕ್ಕು. ಅದಿದ್ದದ್ದು ಸಲೂನ್ ಯಜಮಾನನ ಹೆಂಡತಿಯ ವಜ್ರದ ಅಂಚಿನಲ್ಲಿ.

ಸಲೂನಿನಲ್ಲಿ ಇದ್ದದ್ದು ಒಂದೇ ಕುರ್ಚಿ. ಗಿರಾಕಿ ಕೂತರೆ ಅದು ಅಯ್ಯೋ ಎನ್ನುತ್ತಿತ್ತು, ಎದ್ದರೆ ಅಮ್ಮಾ ಎನ್ನುತ್ತಿತ್ತು. ಎದುರು ಸಾಲಿನಲ್ಲಿ ಮೂರು ತಿರುಗುವ ಕುರ್ಚಿಗಳ ಹೊಸ ಸಲೂನು ತೆರೆದ ಮೇಲಂತೂ ದಿನವೆಲ್ಲ ನೊಣ ಹೊಡೆಯುವುದೇ ಕೆಲಸವಾಯಿತು. ಕಡೆಗೆ ಹೆಂಡತಿಯೇ ಮನಸ್ಸು ಗಟ್ಟಿ ಮಾಡಿ ಸೋದರತ್ತೆ ಕೊಟ್ಟಿದ್ದ ಉಂಗುರವನ್ನು ಬಿಚ್ಚಿದಳು.

"ಕಲ್ಲು ಮಾರಿ ಎರಡು ಒಳ್ಳೆ ಕುರ್ಚಿ ತಗೊಳ್ಳಿ. ಉಂಗುರ ಮಾತ್ರ ಕೊಡಲ್ಲ, ಅದು ಅತ್ತೆ ನೆನಪು."

ಬೆಳಿಗ್ಗೆ ಆಭರಣದಂಗಡಿಯವನು ಕಲ್ಲನ್ನು ಬಿಡಿಸಿ ತೂಗಿದ. "ಒಂದು ಕ್ಯಾರೆಟ್, ಮೇಲೊಂದು ಸೆಂಟು. ನಾಲ್ಕು ಲಕ್ಷ ಕೊಡ್ತೀನಿ." ಕ್ಯಾರೆಟ್ಟಿನ ನೂರನೇ ಒಂದು ಪಾಲೇ ಸೆಂಟು. ಯಜಮಾನ ಸಂತೋಷ ಅದುಮಿಕೊಂಡು, "ಮನೇಲಿ ಕೇಳ್ಕೊಂಡು ಬರ್ತೀನಿ" ಎಂದು ಕಲ್ಲನ್ನು ಪೊಟ್ಟಣ ಕಟ್ಟಿಸಿಕೊಂಡ. ಬರಿದಾದ ಉಂಗುರವನ್ನು ಹೆಂಡತಿಗೆ ಕೊಟ್ಟು, ನಾಲ್ಕು ಲಕ್ಷವೆಂದು ಹೇಳಿ, ಹಾಗೇ ಸಲೂನಿಗೆ ಹೋದ. ಹೋಗಬಾರದಿತ್ತು.

ಅಲ್ಲಿ ನಿವೃತ್ತ ಹೆಡ್‌ಮೇಷ್ಟ್ರು ಕೂತಿದ್ದರು. ತಲೆಯಲ್ಲಿ ಒಂದೂ ಕೂದಲಿಲ್ಲದಿದ್ದರೂ ದಿನಾ ಬಂದು ಪತ್ರಿಕೆ ಓದಿ, ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳಿ ಹೋಗುವವರು. ಭೂತಗನ್ನಡಿ ಹಿಡಿದು ಕಲ್ಲನ್ನು ನೋಡಿದರು.

"ಅಯ್ಯೋ ಮಾರಾಯ, ಇಲ್ಲಿ ಮುಕ್ಕಿದೆಯಲ್ಲೋ! ಮನೆ ಮಾರೋಕ್ಮುಂಚೆ ಸುಣ್ಣ ಹೊಡಿಸಲ್ವಾ? ಪಾಲಿಶ್ ಮಾಡ್ಸು. ನಾಲ್ಕೂವರೆ ಬರುತ್ತೆ."

"ಐದೂ ಬರಬಹುದು," ಎಂದ, ಕುರ್ಚಿಯಲ್ಲಿ ಮುಖ ತುಂಬ ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿ.

ವಜ್ರಕ್ಕೆ ಸಾಣೆ ಹಿಡಿಯುವವನು ಮೊದಲೇ ಎಚ್ಚರಿಸಿದ. "ಎರಡು ಸೆಂಟು ಹೋಗುತ್ತೆ, ಪರವಾಗಿಲ್ವಾ?"

ಯಜಮಾನನಿಗೆ ನಗು ಬಂತು. ಮೂವತ್ತು ವರ್ಷದ ಕಸುಬಿನಲ್ಲಿ ಕತ್ತರಿಸಿಕೊಂಡು ಹೋದವರ ಬೆಲೆ ಇಳಿದದ್ದನ್ನು ಅವನು ಕಂಡಿರಲಿಲ್ಲ. "ಹೋಗ್ಲಿ ಬಿಡಿ ಸ್ವಾಮಿ, ನಮ್ಮಂಗಡೀಲಿ ದಿನಾ ಬುಟ್ಟಿಗಟ್ಲೆ ಹೋಗುತ್ತೆ. ನೋಡೋಕೆ ಲಕ್ಷಣವಾಗಿರ್ಬೇಕು, ಅಷ್ಟೇ."

ಮಧ್ಯಾಹ್ನ ಅಂಗಡಿಯವನು ಮತ್ತೆ ತೂಗಿದ. "ತೊಂಬತ್ತೊಂಬತ್ತು ಸೆಂಟು. ಎರಡೂವರೆ ಲಕ್ಷ."

ಯಜಮಾನ ತಕ್ಕಡಿಗೇ ಬಗ್ಗಿ ನೋಡಿದ. "ಎರಡು ಸೆಂಟಿಗೆ ಒಂದೂವರೆ ಲಕ್ಷನಾ? ಆ ಲೆಕ್ಕದಲ್ಲಿ ಉಳಿದ ಕಲ್ಲಿಗೆ ಎಪ್ಪತ್ತು ಲಕ್ಷದ ಮೇಲಾಗುತ್ತೆ, ಕೊಡ್ರೀ!"

"ವಜ್ರಕ್ಕೆ ಆ ಲೆಕ್ಕ ನಡೆಯಲ್ಲ. ಬರೋರೆಲ್ಲ ಒಂದು ಕ್ಯಾರೆಟ್ ಇದೆಯಾ ಅಂತಾನೇ ಕೇಳ್ತಾರೆ. ನೂರು ವರ್ಷ ತುಂಬಿದೋರಿಗೆ ಸನ್ಮಾನ ಮಾಡ್ತಾರೆ. ತೊಂಬತ್ತೊಂಬತ್ತಕ್ಕೆ ಯಾರು ಹಾರ ಹಾಕ್ತಾರೆ ಹೇಳಿ?"

ಯಜಮಾನ ಬಿದ್ದಂಬೀಳ ಸಾಣೆಯವನಲ್ಲಿಗೆ ಓಡಿದ. "ಆ ಪುಡಿ ಕೊಡಿ, ಅಂಟಿಸೋಣ!"

"ಆವಾಗ್ಲೇ ಸೀನ್ಬಿಟ್ಟೆನಲ್ಲ," ಎಂದ ಅವನು, ಮೂಗೊರೆಸಿಕೊಳ್ಳುತ್ತ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಇನ್ನೂ ಇಟ್ಟುಕೊಂಡರೆ ಮತ್ಯಾರು ಏನು ಬುದ್ಧಿ ಹೇಳುತ್ತಾರೋ ಎಂಬ ಭಯಕ್ಕೆ ಆಭರಣದಂಗಡಿಯವನಿಗೇ ಎರಡೂವರೆ ಲಕ್ಷಕ್ಕೆ ಮಾರಿಬಿಟ್ಟ.

ಸಲೂನಿನಲ್ಲಿ ಹೆಡ್‌ಮೇಷ್ಟ್ರು ಕಾದಿದ್ದರು. "ಮಾರಿದ್ಯಾ?"

"ಮಾರಿದೆ." ನಿಜ ಹೇಳಿದರೆ ಸುದ್ದಿ ತನಗಿಂತ ಮೊದಲು ಮನೆ ಸೇರುತ್ತದೆಂದು ಅವನಿಗೆ ಗೊತ್ತಿತ್ತು. ಆದರೂ ಹೊಟ್ಟೆಯುರಿ ತಡೆಯದೆ ಅಂದ, "ಒಂದು ಕ್ಯಾರೆಟ್ಟಿಗೆ ಒಂದೇ ಒಂದು ಸೆಂಟು ಕಮ್ಮಿಯಾದ್ರೂ ಲಕ್ಷಗಟ್ಲೆ ಅಗ್ಗ ಅಂತೆ ಮೇಷ್ಟ್ರೇ!"

"ಹೌದಾ?" ಎಂದವರೇ ಮೇಷ್ಟ್ರು ಪತ್ರಿಕೆಯನ್ನೂ ಮಡಚದೆ ಎದ್ದು ಹೊರಟರು.

ಸಂಜೆ, ಹೇಗೆ ಬಾಯಿ ಬಿಡುವುದೆಂದು ಒದ್ದಾಡುತ್ತ ಯಜಮಾನ ಮನೆಗೆ ಬಂದ. ಹೆಂಡತಿಯ ಮುಖ ಅರಳಿತ್ತು. ಕುರ್ಚಿಯಲ್ಲಿ ಮೇಷ್ಟ್ರು. ಅವರ ಪಕ್ಕ, ಆಭರಣದಂಗಡಿಯ ಗುಮಾಸ್ತ.

"ರೀ, ಇಲ್ನೋಡಿ!" ಅವಳ ಬೆರಳಲ್ಲಿ ವಜ್ರ ಫಳಫಳಿಸಿತು. "ಬೋಳು ಉಂಗುರ ನೋಡೋಕಾಗ್ತಿರ್ಲಿಲ್ಲ. ಮೇಷ್ಟ್ರು ಒಳ್ಳೆ ಉಪಾಯ ಹೇಳಿದ್ರು. ಒಂದು ಕ್ಯಾರೆಟ್ ನಾಲ್ಕು ಲಕ್ಷಕ್ಕೆ ಮಾರಿ, ತೊಂಬತ್ತೊಂಬತ್ತು ಸೆಂಟಿಂದು ಮೂರೂವರೆಗೆ ತಗೊಂಡ್ರೆ ಯಾರಿಗೂ ವ್ಯತ್ಯಾಸಾನೇ ಗೊತ್ತಾಗಲ್ಲ! ನಾನು ಕೂಡಿಟ್ಟಿದ್ದ ಒಂದು ಲಕ್ಷ ಕೊಟ್ಟಿದ್ದೀನಿ. ನೀವು ಎರಡೂವರೆ ಕೊಟ್ರೆ, ಕುರ್ಚಿಗೆ ಇನ್ನೂ ಒಂದೂವರೆ ಉಳಿಯುತ್ತೆ. ಅದೇನು ಋಣವೋ, ಅಳತೆ ತಗೊಂಡು ಮಾಡ್ಸಿದ ಹಾಗೆ ಅತ್ತೆ ಉಂಗುರದಲ್ಲೇ ಕೂತ್ಕೊಂಡ್ಬಿಡ್ತು ಕಣ್ರೀ!"

ಯಜಮಾನ ಕಲ್ಲಿನ ಅಂಚನ್ನು ನೋಡಿದ. ಜೇಬಿನಲ್ಲಿದ್ದ ನೋಟಿನ ಕಟ್ಟನ್ನು ತೆಗೆದು ಗುಮಾಸ್ತನ ಕೈಗಿಟ್ಟ.

ಗುಮಾಸ್ತ ಎಣಿಸಿದ, ಕೆಮ್ಮಿದ. "ಇನ್ನೂ ಹತ್ತು ಸಾವಿರ ಬೇಕು ಸಾರ್."

"ಅದ್ಯಾಕಪ್ಪಾ?"

"ಅಂಚಿಗೆ ಈಗ ತಾನೇ ಹೊಸ ಪಾಲಿಶ್ ಆಗಿದೆಯಲ್ಲ ಸಾರ್, ಅದರದ್ದು."