ಅಟ್ಟದ ಎರಡು ದಬ್ಬೆ ಮತ್ತು ನನ್ನ ಮಹಾಯೋಜನೆ

ಯಾವ ಕೆಲಸವಾದರೂ ಕೆಡುವುದು ಅದನ್ನು ಶುರು ಮಾಡುವ ಮೊದಲೇ ಎಂಬುದು, ಮೂವತ್ತೊಂದು ವರ್ಷ ಇಲಾಖೆಯಲ್ಲಿ ಕಿರಿಯ ಇಂಜಿನಿಯರಾಗಿ ದುಡಿದ ನನ್ನ ದೃಢವಾದ ನಂಬಿಕೆ. ಏನು ಮಾಡಬೇಕು, ಎಷ್ಟು ಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಮೊದಲೇ ಕಾಗದದ ಮೇಲೆ ಬರೆದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಇದನ್ನು ಕಡತದ ಭಾಷೆಯಲ್ಲಿ ಕಾರ್ಯವ್ಯಾಪ್ತಿ ನಿರ್ಧಾರ ಎನ್ನುತ್ತಾರೆ. ಸೇವೆಯಲ್ಲಿದ್ದಷ್ಟು ದಿನವೂ ಈ ನಿರ್ಧಾರವನ್ನು ಮೇಲಿನವರೇ ಮಾಡುತ್ತಿದ್ದರು. ನನ್ನ ಪಾಲಿಗೆ ಬರುತ್ತಿದ್ದದ್ದು ಮೋರಿ ಅಳೆಯುವುದು. ಹಾಗಾಗಿ ನಿವೃತ್ತನಾಗಿ ತುರುವೇಕೆರೆ ತಾಲ್ಲೂಕಿನ ನಮ್ಮೂರಿಗೆ ಬಂದು ಕೂತ ಮೇಲೆ, ಒಂದು ಯೋಜನೆಯನ್ನಾದರೂ ಮೊದಲಿನಿಂದ ಕೊನೆಯವರೆಗೆ ನಾನೇ ರೂಪಿಸಬೇಕು ಎಂಬ ಆಸೆ ಒಳಗೊಳಗೇ ಕುದಿಯುತ್ತಿತ್ತು.

ಆ ಆಸೆಗೆ ದಾರಿ ತೋರಿಸಿದವಳು ನನ್ನ ಹೆಂಡತಿ ಗಿರಿಜ. ಶಿವರಾತ್ರಿಗೆ ಇನ್ನೂ ಹದಿನೈದು ದಿನ ಇತ್ತು. ರೊಟ್ಟಿ ತಟ್ಟುತ್ತಾ ಹೇಳಿದಳು.

"ಅಟ್ಟದಲ್ಲಿ ಎರಡು ದಬ್ಬೆ ಮುರ್ದವೆ ಕಣ್ರೀ. ಗಂಗಣ್ಣನ್ನ ಕರ್ಸಿ ಹಾಕ್ಸಿಬುಡಿ. ಮುಂದಿನ ವಾರ ಕಾಯಿ ಬತ್ತವೆ."

ನಮ್ಮ ಕಡೆ ಕೊಬ್ಬರಿಯಾಗುವುದು ಅಟ್ಟದ ಮೇಲೆ. ದನದ ಕೊಟ್ಟಿಗೆಯ ಮೇಲೆ ಅಡಿಕೆ ಮರ ಸೀಳಿದ ದಬ್ಬೆಗಳನ್ನು ಸಂದು ಬಿಟ್ಟು ಕಟ್ಟಿರುತ್ತಾರೆ. ಅದರ ಮೇಲೆ ಸಿಪ್ಪೆ ಸಮೇತ ತೆಂಗಿನಕಾಯಿ ರಾಶಿ ಹಾಕಿಬಿಟ್ಟರೆ, ಹೆಚ್ಚುಕಮ್ಮಿ ಒಂದು ವರ್ಷದಲ್ಲಿ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆಗ ಒಡೆದರೆ ಇಡೀ ಉಂಡೆ ಕೊಬ್ಬರಿ. ನಡುವೆ ಮನುಷ್ಯ ಮಾಡಬೇಕಾದ್ದು ಏನೂ ಇಲ್ಲ.

ಆ ವರ್ಷದ ಕಾಯಿ ಮಾತ್ರ ಗಿರಿಜಳಿಗೆ ಬೇರೆ ರೀತಿಯದು. ಕೆಂಕೆರೆಯಲ್ಲಿರುವ ಅವಳ ಅಕ್ಕ ಪಾರ್ವತಮ್ಮನ ಮಗಳಿಗೆ ಮದುವೆ ಗೊತ್ತಾಗಿತ್ತು. ಹುಡುಗಿಯ ಓದು ಮುಗಿಯಲೆಂದು ಮದುವೆಯನ್ನು ಮುಂದಿನ ಮಾಘಕ್ಕೆ ಇಟ್ಟುಕೊಂಡಿದ್ದರು. ನಿಶ್ಚಿತಾರ್ಥದ ದಿನ ಎಲ್ಲರೆದುರು ಗಿರಿಜ, ಮಗುವಿನ ಮಡಿಲು ತುಂಬುವ ಕೊಬ್ಬರಿ ನನ್ನ ಅಟ್ಟದ್ದೇ ಆಗಬೇಕು, ಅದೂ ಅಪ್ಪ ನೆಟ್ಟ ಮರಗಳದ್ದು ಎಂದುಬಿಟ್ಟಿದ್ದಳು. ನಾವಿರುವ ಮನೆ, ತೋಟ ಎರಡೂ ಇದೇ ಊರಿನವರಾದ ನಮ್ಮ ಮಾವನವರಿಂದ ಅವಳ ಪಾಲಿಗೆ ಬಂದವು. ಅಕ್ಕ ಕಣ್ಣೊರೆಸಿಕೊಂಡಿದ್ದರು. ಈಗ ಅಟ್ಟಕ್ಕೆ ಹಾಕಿದರೆ ಮಾಘಕ್ಕೆ ಸರಿಯಾಗಿ ಕೊಬ್ಬರಿ. ಗಿರಿಜ ಮಾತು ಕೊಡುವುದು ಕಡಿಮೆ, ಕೊಟ್ಟರೆ ತಪ್ಪುವವಳಲ್ಲ. ತಪ್ಪಿಸುವುದಕ್ಕೆ ನಾನಿದ್ದೆನಲ್ಲ!

ಅವತ್ತೇ ಪೇಟೆಗೆ ಹೋಗಿ ಇನ್ನೂರು ಪುಟದ ಉದ್ದ ನೋಟ್ ಪುಸ್ತಕ ತಂದೆ. ಮೊದಲ ಪುಟದಲ್ಲಿ 'ಅಟ್ಟ ನವೀಕರಣ ಯೋಜನೆ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಉದ್ದೇಶಕ್ಕೆ ಒಂದು ಪುಟ, ವ್ಯಾಪ್ತಿಗೆ ಒಂದು ಪುಟ, ವ್ಯಾಪ್ತಿಗೆ ಸೇರದ್ದಕ್ಕೆ ಒಂದು ಪುಟ ಮೀಸಲಿಟ್ಟೆ. ಆ ಕೊನೆಯ ಪುಟ ಖಾಲಿಯಾಗಿಯೇ ಉಳಿಯಿತು. ಎಷ್ಟು ಯೋಚಿಸಿದರೂ ಬಿಡಬೇಕಾದ್ದು ಒಂದೂ ನೆನಪಿಗೆ ಬರಲಿಲ್ಲ.

ಮಾರನೇ ದಿನ ಸ್ಥಳ ಪರಿಶೀಲನೆ. ಟಾರ್ಚು, ಟೇಪು, ಮಟ್ಟ ನೋಡುವ ನೀರಿನ ಪೈಪು ಹಿಡಿದು ಏಣಿ ಹತ್ತಿದೆ. ಮುರಿದ ಎರಡು ದಬ್ಬೆ ಕಂಡವು, ಆದರೆ ಅದಕ್ಕಿಂತ ದೊಡ್ಡ ಸಂಗತಿಯೊಂದನ್ನು ಪತ್ತೆ ಮಾಡಿದೆ. ಅಟ್ಟದ ಮೂಡಣ ದಿಕ್ಕು ಪಡುವಣಕ್ಕಿಂತ ಮೂರು ಬೆರಳು ತಗ್ಗಿನಲ್ಲಿತ್ತು. ನಮ್ಮ ಮಾವನವರ ಕಾಲದಿಂದಲೂ ಕಾಯಿಗಳು ಈ ಇಳಿಜಾರಿನಲ್ಲೇ ಕೂತು ಕೊಬ್ಬರಿಯಾಗಿದ್ದವು ನಿಜ, ಆದರೆ ಅವುಗಳ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಇಡೀ ಅಟ್ಟವನ್ನು ಬಿಚ್ಚಿ ಮಟ್ಟಸವಾಗಿ ಕಟ್ಟುವುದು ಎಂದು ಬರೆದುಕೊಂಡೆ.

ಆಮೇಲೆ ಸಂಬಂಧಪಟ್ಟವರ ಸಭೆ ಕರೆದೆ. ಜಗಲಿಯ ಮೇಲೆ ಗಿರಿಜ, ಬಡಗಿ ಗಂಗಣ್ಣ, ಕಾಫಿಯ ವಾಸನೆ ಹಿಡಿದು ಬಂದಿದ್ದ ಪಕ್ಕದ ಮನೆ ನಂಜಪ್ಪ. ನಂಜಪ್ಪನೂ ನಾನೂ ಪ್ರೈಮರಿ ಸ್ಕೂಲಿನಿಂದ ಒಂದೇ ಬೆಂಚು. ಗಿರಿಜ ಎರಡು ದಬ್ಬೆ ಹಾಕಿದರೆ ಸಾಕು ಎಂದಳು. 'ಒಬ್ಬ ಸದಸ್ಯರು ತಾತ್ಕಾಲಿಕ ದುರಸ್ತಿಗೆ ಒಲವು ತೋರಿದರು' ಎಂದು ನಡಾವಳಿಯಲ್ಲಿ ದಾಖಲಿಸಿದೆ. ನಂಜಪ್ಪ, ಹೆಂಗಸರು ಮಂಕರಿಯಲ್ಲಿ ಕಾಯಿ ತುಂಬಿಕೊಂಡು ಹೊತ್ತು ಏಣಿ ಹತ್ತುವುದಕ್ಕಿಂತ ಒಂದು ರಾಟೆ ಕಟ್ಟಿದರೆ ಹೇಗೆ ಎಂದ. ಬರೆದುಕೊಂಡೆ. ರಾಟೆ ಎಂದ ಮೇಲೆ ಮೋಟಾರು ಬೇಡವೇ? ಮೋಟಾರಿಗೆ ಕರೆಂಟು, ಕರೆಂಟು ಬಂದ ಮೇಲೆ ಲೈಟು, ಲೈಟು ಇದ್ದ ಮೇಲೆ ಕ್ಯಾಮೆರಾ. ಎರಡನೇ ಕಾಫಿ ಬರುವ ಹೊತ್ತಿಗೆ ವ್ಯಾಪ್ತಿ ಹನ್ನೊಂದು ಪುಟ ದಾಟಿತ್ತು.

ಗಂಗಣ್ಣ ಲೋಟ ಕೆಳಗಿಟ್ಟು ಎದ್ದ. ಅವನ ಗಾಡಿಗೆ ಎರಡು ಹೊಸ ದಬ್ಬೆ ಕಟ್ಟಿದ್ದವು.

"ಅರ್ಧ ಗಂಟೆ ಕೆಲ್ಸ ಸ್ವಾಮಿ. ಹಾಕ್ಬುಟ್ಟು ಹೋಯ್ತೀನಿ."

ಅವನ ದೃಷ್ಟಿ ಎಷ್ಟು ಸೀಮಿತ ಎಂದು ಮರುಕವಾಯಿತು. ಯೋಜನೆಯ ಮೊದಲ ಹಂತ ಸ್ಥಳ ತೆರವು ಎಂದು ವಿವರಿಸಿ, ಇಡೀ ಅಟ್ಟ ಬಿಚ್ಚಲು ಹೇಳಿದೆ. ಬಿಚ್ಚುವ ಕೆಲಸ ಮಧ್ಯಾಹ್ನದೊಳಗೆ ಮುಗಿಯಿತು. ನನ್ನ ಯೋಜನೆಯಲ್ಲಿ ಹೇಳಿದ ಸಮಯಕ್ಕೆ ಮುಗಿದದ್ದು ಅದೊಂದೇ. ಕಟ್ಟುವುದು ಯಾವಾಗ ಎಂದು ಗಂಗಣ್ಣ ಕೇಳಿದ. ನಕ್ಷೆ ಅಂತಿಮವಾದ ಮೇಲೆ ಎಂದೆ. ಹಾಗಾದರೆ ಅಂತಿಮವಾದಾಗ ಹೇಳಿ ಎಂದು ಅವನು ಹುಳಿಯಾರಿನ ಕಡೆ ಯಾರದೋ ಮನೆಯ ಬಾಗಿಲ ಕೆಲಸಕ್ಕೆ ಹೊರಟುಹೋದ.

ಕೆಲಸ ನಡೆಯುವ ಕಡೆ ಜಾನುವಾರು ಇರಕೂಡದು ಎಂದು ಹಸುವನ್ನು ಹಿತ್ತಲಿಗೆ ಸ್ಥಳಾಂತರಿಸಿದೆ. ಅದು ಹೊಸ ಜಾಗಕ್ಕೆ ಒಗ್ಗದೆ ಹಾಲು ಕಡಿಮೆ ಮಾಡಿತು. ಯೋಜನೆಯ ಮೊದಲ ಪರಿಣಾಮ ಕಾಫಿ ಲೋಟದಲ್ಲಿ ಕಾಣಿಸಿಕೊಂಡಿತು.

ಮುಂದಿನ ವಾರ ಟ್ರ್ಯಾಕ್ಟರಿನಲ್ಲಿ ಸಾವಿರದ ಚಿಲ್ಲರೆ ಕಾಯಿ ಬಂದಿಳಿಯಿತು. ಗಿರಿಜ ಕಾಯಿ ರಾಶಿ ನೋಡಿದಳು, ಕೊಟ್ಟಿಗೆಯಲ್ಲಿ ನಿಂತು ತಲೆಯೆತ್ತಿ ಹೆಂಚು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಹದಿನೈದೇ ದಿನ ಎಂದೆ. ಒಳಕೋಣೆಯಲ್ಲಾದರೂ ಹರಡೋಣ ಎಂದಳು. ಒಳಕೋಣೆಯಲ್ಲಿ ನನ್ನ ನಕ್ಷೆಗಳು ಹರಡಿದ್ದವು. ಆದ್ದರಿಂದ ಅಂಗಳದಲ್ಲೇ 'ತಾತ್ಕಾಲಿಕ ದಾಸ್ತಾನು ವ್ಯವಸ್ಥೆ' ಮಾಡಿದೆ. ಎಂದರೆ, ರಾಶಿಯ ಮೇಲೆ ದೊಡ್ಡ ನೀಲಿ ಟಾರ್ಪಾಲು ಹೊದಿಸಿ, ಸುತ್ತ ಕಲ್ಲಿಟ್ಟು, ಅಂಚಿಗೆಲ್ಲ ಮಣ್ಣು ಮೆತ್ತಿಸಿದೆ. ಕಾಯಿಗೆ ಗಾಳಿ ಆಡಬೇಕು ಕಣ್ರೀ ಎಂದು ಗಿರಿಜ ಎರಡು ಸಲ ಹೇಳಿದಳು. ಮಳೆಗಾಲ ಬಂದರೂ ಒಂದು ಹನಿ ಒಳಗೆ ಹೋಗದು ಎಂದು ನಾನು ಭರವಸೆ ಕೊಟ್ಟೆ. ಒಳಗಿನ ಹಸಿ ಹೊರಗೆ ಬರುವುದಕ್ಕೂ ದಾರಿ ಬೇಕು ಎಂಬುದು ನನ್ನ ಲೆಕ್ಕದಲ್ಲಿ ಇರಲಿಲ್ಲ.

ಹದಿನೈದು ದಿನದಲ್ಲಿ ನನಗೆ ತೊಲೆಗಳ ಮೇಲೆ ಅನುಮಾನ ಬಂತು. ಮೋಟಾರು, ರಾಟೆ, ಕ್ಯಾಮೆರಾ ಇಷ್ಟನ್ನೂ ಹಳೇ ಹಲಸಿನ ತೊಲೆ ಹೊರುತ್ತದೆಯೇ? ಅಡುಗೆಮನೆಯ ತಕ್ಕಡಿಯಲ್ಲಿ ಇಪ್ಪತ್ತು ಕಾಯಿ ತೂಗಿ ಸರಾಸರಿ ತೆಗೆದು ಭಾರ ಲೆಕ್ಕ ಹಾಕಿದೆ. ಕಬ್ಬಿಣದ ತೊಲೆಯೇ ಆಗಬೇಕು ಎಂದಾಯಿತು. ಕಬ್ಬಿಣದ ತೊಲೆಗೆ ಕಂಬ, ಕಂಬಕ್ಕೆ ಪಾಯ, ಪಾಯಕ್ಕೆ ಮೊದಲು ಮಣ್ಣಿನ ಪರೀಕ್ಷೆ. ಆಳು ಕರೆಸಿ ಕೊಟ್ಟಿಗೆಯ ನಡುವೆ ಸೊಂಟದಾಳದ ಗುಂಡಿ ತೋಡಿಸಿದೆ. ಮಣ್ಣು ಗಟ್ಟಿಯಾಗಿತ್ತು. ಅಷ್ಟು ಖಚಿತವಾಗಿ ಹೇಳಲು ಕಾರಣ, ಆ ಗುಂಡಿಗೆ ಮೊಟ್ಟಮೊದಲು ಬಿದ್ದವನು ನಾನೇ.

ಕಾಲು ಉಳುಕಿ ಒಂದೂವರೆ ತಿಂಗಳು ಮಂಚ ಹಿಡಿದೆ. ಮಲಗಿದ್ದಲ್ಲೇ ಗುಂಡಿಯ ಸುತ್ತ ರಕ್ಷಣಾ ಬೇಲಿಯನ್ನು ವ್ಯಾಪ್ತಿಗೆ ಸೇರಿಸಿದೆ. ಗಿರಿಜ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುತ್ತಾ, ಗಂಗಣ್ಣನಿಗೆ ಒಂದು ಫೋನು ಮಾಡಲೇ ಎಂದು ಕೇಳುತ್ತಿದ್ದಳು. ನಕ್ಷೆ ಇನ್ನೂ ಅಂತಿಮವಾಗಿಲ್ಲ ಎಂದು ನಾನು ಹೇಳುತ್ತಿದ್ದೆ. ಮೊದಮೊದಲು ದಿನಾ ಕೇಳುತ್ತಿದ್ದವಳು ಆಮೇಲೆ ವಾರಕ್ಕೊಮ್ಮೆ ಕೇಳಿದಳು, ಆಮೇಲೆ ಕೇಳುವುದನ್ನೇ ಬಿಟ್ಟಳು. ಅದನ್ನು ನಾನು ಅನುಮೋದನೆ ಎಂದು ಭಾವಿಸಿದೆ.

ಮಳೆಗಾಲ ಹಿಡಿಯಿತು. ಟಾರ್ಪಾಲಿನ ಒಳಗೆ ಒಂದು ಹನಿಯೂ ಹೋಗಲಿಲ್ಲ, ನಾನು ಹೇಳಿದ್ದ ಹಾಗೆಯೇ. ಒಂದು ಬೆಳಿಗ್ಗೆ ಅಂಗಳಕ್ಕೆ ಬಂದ ನಂಜಪ್ಪ, ಟಾರ್ಪಾಲು ಅಲ್ಲಲ್ಲಿ ಒಳಗಿನಿಂದ ಯಾರೋ ಬೆರಳಲ್ಲಿ ತಿವಿದಂತೆ ಉಬ್ಬಿರುವುದನ್ನು ನೋಡಿ, ಕಲ್ಲು ಸರಿಸಿ ಅಂಚು ಎತ್ತಿದ. ಬಿಸಿ ಹಬೆ ಹೊರಬಂತು. ಒಳಗೆ ಹೆಚ್ಚುಕಮ್ಮಿ ಎಲ್ಲ ಕಾಯಿಯ ತುದಿಯಲ್ಲೂ ಬಿಳಿ ಹಸಿರು ಮೊಳಕೆ! ಕೆಲವು ಗೇಣುದ್ದ ಆಗಿದ್ದವು.

"ಸಸಿ ಮಡಿ ಮಾಡಿದ್ಯಾ? ಹೇಳೇ ಇರ್ಲಿಲ್ವಲ್ಲೋ. ಚೆನ್ನಾಗ್ ಬಂದೈತೆ ಕಣ್ಲಾ, ನಂಗೊಂದೈವತ್ತು ಕೊಡು," ಅಂದ.

ಅವನು ಹಂಗಿಸುತ್ತಿರಲಿಲ್ಲ. ನಿಜವಾಗಿಯೂ ಕೇಳಿದ್ದ. ಅಷ್ಟರಲ್ಲಿ ಗಿರಿಜ ಹೊರಗೆ ಬಂದಳು. ಒಂದು ಕಾಯಿ ಎತ್ತಿಕೊಂಡು ಮೊಳಕೆ ಸವರಿ, ಅಲ್ಲೇ ರಾಶಿಯ ಪಕ್ಕ ಕುಕ್ಕರಿಸಿದಳು. ಮೊಳಕೆ ಬಂದ ಕಾಯಿ ಕೊಬ್ಬರಿಯಾಗುವುದಿಲ್ಲ ಎಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅಕ್ಕಂಗೆ ಏನಂತ ಹೇಳ್ಲಿ," ಅಂದಳು, ನನಗಲ್ಲ, ಕೈಯಲ್ಲಿದ್ದ ಕಾಯಿಗೆ.

ನನಗೆ ಆ ಗಳಿಗೆಯಲ್ಲಿ ಆದ ನಾಚಿಕೆಯನ್ನು ಯಾವ ನಮೂನೆಯಲ್ಲೂ ತುಂಬಲಾರೆ. ಮೇಲಿನವರು ಮೂವತ್ತೊಂದು ವರ್ಷ ನನ್ನನ್ನು ಮೋರಿ ಅಳೆಯುವುದಕ್ಕೇ ಯಾಕೆ ಇಟ್ಟಿದ್ದರು ಎಂಬುದು ಅವತ್ತು ಅರ್ಥವಾಯಿತು.

ಅವಳೇ ಗಂಗಣ್ಣನಿಗೆ ಫೋನು ಮಾಡಿದಳು. ಮರುದಿನ ಅವನು ಬಂದು, ಮುರಿದ ಎರಡರ ಬದಲು ಹೊಸದು ಸೇರಿಸಿ, ಬಿಚ್ಚಿಟ್ಟಿದ್ದ ಹಳೇ ದಬ್ಬೆಗಳನ್ನೇ ಹಳೇ ತೊಲೆಗಳ ಮೇಲೆ ಮೊದಲಿದ್ದ ಹಾಗೆಯೇ ಕಟ್ಟಿ, ಸಂಜೆಗೆ ಗುಂಡಿಯನ್ನೂ ಮುಚ್ಚಿ ಹೋದ. ಮೂರು ಬೆರಳಿನ ಇಳಿಜಾರು ಅಲ್ಲೇ ಇತ್ತು. ರಾಶಿಯನ್ನೆಲ್ಲ ಹುಡುಕಿದಾಗ ಮೊಳಕೆ ಬರದ ಕಾಯಿ ಮೂರು ಮಂಕರಿ ಸಿಕ್ಕವು. ಗಿರಿಜ ಅವನ್ನು ಅಟ್ಟಕ್ಕೇರಿಸಿದಳು, ಆದರೆ ಮಾಘಕ್ಕೆ ಅವು ಆಗುವ ಹಾಗಿರಲಿಲ್ಲ. ಮಿಕ್ಕದ್ದನ್ನು ಊರವರು ಸಸಿ ಎಂದು ಹೊತ್ತುಕೊಂಡು ಹೋದರು. ದಂಡಿನಶಿವರದಿಂದಲೂ ಇಬ್ಬರು ಬಂದಿದ್ದರು. ಇನ್ನು ಐವತ್ತು ವರ್ಷ ನಮ್ಮ ಸೀಮೆಯಲ್ಲಿ ನನ್ನ ಅವಮಾನ ಫಸಲು ಕೊಡುತ್ತಲೇ ಇರುತ್ತದೆ.

ಮಾಘ ಬಂತು. ಮದುವೆಗೆ ನಾಲ್ಕು ದಿನ ಇರುವಾಗ ಗಿರಿಜ ಒಂದು ಕೈಚೀಲ ತಂದು ನನ್ನ ಮುಂದಿಟ್ಟು ಒಳಗೆ ಹೋದಳು. ನಾನು ತಿಪಟೂರಿನ ಬಸ್ಸು ಹತ್ತಿದೆ. ತೋಟ ಇರುವವನು ತಿಪಟೂರಿನಲ್ಲಿ ಕೊಬ್ಬರಿ ಕೊಳ್ಳುವುದು ಎಂದರೆ ಏನು ಎಂದು ಈ ಕಡೆಯವರಿಗೆ ಗೊತ್ತು. ಟವೆಲ್ಲನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡು, ಪರಿಚಯದ ಅಂಗಡಿಗಳನ್ನೆಲ್ಲ ತಲೆ ತಗ್ಗಿಸಿ ದಾಟಿ, ಒಂದು ಸಂದಿಯಲ್ಲಿ ಗುರುತಿಲ್ಲದ ಅಂಗಡಿ ಹೊಕ್ಕೆ. ಒಳ್ಳೇ ಉಂಡೆ ಕೊಬ್ಬರಿ ಬೇಕು ಎಂದೆ. ಅಂಗಡಿಯವನು ಆರಿಸುತ್ತಾ ಯಾವ ಊರು ಎಂದು ಕೇಳಿದ.

"ಬೆಂಗಳೂರು," ಎಂದೆ.

ಅವನಿಗೆ ನನ್ನ ಮೇಲೆ ಕನಿಕರ ಹುಟ್ಟಿತು. ಬೆಂಗಳೂರಿನವನಿಗೆ ತಿಳಿಯಲಿ ಎಂದು ಉಂಡೆ ಕೊಬ್ಬರಿ ಹೇಗೆ ಆಗುತ್ತದೆ ಎಂದು ಹೇಳಿಕೊಟ್ಟ.

"ಏನಿಲ್ಲ ಸಾರ್. ಕಾಯಿ ಅಟ್ಟಕ್ಕೆ ಹಾಕೋದು, ಒಂದ್ವರ್ಷ ಸುಮ್ಕಿರೋದು. ಸುಮ್ಕಿರಕ್ಕೆ ಬರ್ಬೇಕು, ಅಷ್ಟೇಯ."

ಹೌದೇ ಎಂದು ತಲೆಯಾಡಿಸಿದೆ. ನಾನು ಇನ್ನೂರು ಪುಟದಲ್ಲಿ ಹುಡುಕಿದ ಕಾರ್ಯವ್ಯಾಪ್ತಿಯನ್ನು ಆ ಮನುಷ್ಯ ಕೊಬ್ಬರಿ ಕಟ್ಟಿಕೊಡುವಷ್ಟರಲ್ಲಿ ಹೇಳಿ ಮುಗಿಸಿದ್ದ.

ಮದುವೆಯಲ್ಲಿ ಹುಡುಗಿಗೆ ಮಡಿಲು ತುಂಬುವಾಗ ನಾನು ಕಂಬದ ಮರೆಯಲ್ಲಿ ನಿಂತಿದ್ದೆ. ಪಾರ್ವತಮ್ಮ ಒಂದು ಕೊಬ್ಬರಿ ಕೈಗೆತ್ತಿಕೊಂಡು, ಮೂಗಿನ ಹತ್ತಿರ ಹಿಡಿದು, ಅಪ್ಪನ ಮರದ್ದೇ ಅಲ್ಲವಾ ಎಂದು ತಂಗಿಯನ್ನು ಕೇಳಿದರು. ಗಿರಿಜ ತಿರುಗಿ ನನ್ನನ್ನು ನೋಡಿದಳು. ನಾನು ಕಂಬವನ್ನು ನೋಡಿದೆ.

"ಹೂಂ ಕಣಕ್ಕ. ನಮ್ಮ ಅಟ್ಟದ್ದೇ," ಅಂದಳು.

ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಗುಂಡಿಗೆ ಬಿದ್ದಾಗ ಕಾಲು ನೋಯುತ್ತಿತ್ತು, ಈಗ ಎಲ್ಲಿ ನೋಯುತ್ತಿದೆ ಎಂದು ತೋರಿಸಲು ಜಾಗವೂ ಇರಲಿಲ್ಲ.

ಊಟದ ಪಂಕ್ತಿಯಲ್ಲಿ ಗಂಡಿನ ತಂದೆ ನನ್ನ ಪಕ್ಕದಲ್ಲಿ ಕೂತರು. ನಾನು ಇಂಜಿನಿಯರ್ ಎಂದು ಪಾರ್ವತಮ್ಮ ಹೆಮ್ಮೆಯಿಂದ ಹೇಳಿದ್ದರಂತೆ. ನಮ್ಮ ತೋಟದಲ್ಲಿ ಒಂದು ಕೊಬ್ಬರಿ ಶೆಡ್ಡು ಎಬ್ಬಿಸಬೇಕೆಂದಿದ್ದೇನೆ, ಎಲ್ಲಿಂದ ಶುರು ಮಾಡುವುದು ತಿಳಿಯುತ್ತಿಲ್ಲ, ನೀವೇ ಒಂದು ಪ್ಲಾನು ಹಾಕಿಕೊಡಬೇಕು ಎಂದರು. ನನ್ನ ಕೈ ತನ್ನಷ್ಟಕ್ಕೆ ತಾನೇ ಜೇಬಿನ ಪೆನ್ನಿಗೆ ಹೋಯಿತು. ಆಗ ಎದುರಿನ ಸಾಲಿನಲ್ಲಿ ಕೂತಿದ್ದ ಗಿರಿಜ, ಎಲೆಯ ಮೇಲಿಂದ ತಲೆ ಎತ್ತದೆ ಹೇಳಿದಳು.

"ಅವ್ರಿಗೀಗ ಬರಿಯಕ್ಕಾಗಲ್ಲ ಕಣಣ್ಣ. ಕೈ ನಡುಗ್ತವೆ."

ಒಂದೇ ದಿನದಲ್ಲಿ ಎರಡನೇ ಸುಳ್ಳು, ಎರಡೂ ನನ್ನಿಂದಾಗಿ. ಬೀಗರು ಅಯ್ಯೋ ಪಾಪ ಎಂದು ನನ್ನ ಕೈಯನ್ನೇ ನೋಡತೊಡಗಿದರು. ನಾನು ಪೆನ್ನನ್ನು ಬಿಟ್ಟು ಪಾಯಸದ ಲೋಟ ಎತ್ತಿಕೊಂಡೆ. ಅವರಿಗೆ ಕಾಣುವಷ್ಟು ನಡುಗಿಸಿ, ಸ್ವಲ್ಪ ಪಂಚೆಯ ಮೇಲೂ ಚೆಲ್ಲಿಕೊಂಡೆ.